ತುತ್ತು, ತಿಂಗಳು, ತೆರೆ: ಒಂದು ಮಹಾಪ್ರಬಂಧದ ಸಾರಸಂಗ್ರಹ

ಮಗುವಿನ ಬಾಯಿ ತೆರೆಸುವುದು ಹೇಗೆ? ಈ ಪ್ರಶ್ನೆಯನ್ನು ನಮ್ಮ ಪೂರ್ವಸೂರಿಗಳು ಯಾರೂ ಕೈಗೆತ್ತಿಕೊಂಡಿಲ್ಲ. ಆತ್ಮ ಎಲ್ಲಿದೆ, ಕವಿರಾಜಮಾರ್ಗ ಬರೆದವನು ನೃಪತುಂಗನೋ ಶ್ರೀವಿಜಯನೋ ಎಂಬಂಥ ಸುಲಭದ ವಿಷಯಗಳಲ್ಲೇ ಅವರ ಆಯುಷ್ಯ ಕಳೆದುಹೋಯಿತು. ಕಲಸಿದ ಅನ್ನ ಹಿಡಿದ ಕೈ ಮುಚ್ಚಿದ ಬಾಯಿಯ ಮುಂದೆ ಕಾಲುಗಂಟೆ ನಿಂತಾಗ ಏಳುವ ತಾತ್ವಿಕ ಸಮಸ್ಯೆ ಹಾಗೇ ಅನಾಥವಾಗಿ ಉಳಿಯಿತು. ಆ ಕೊರತೆಯನ್ನು ನೀಗಿಸುವುದೇ ಪ್ರಸ್ತುತ ಸಂಶೋಧಕನ ಉದ್ದೇಶ.

ಕ್ಷೇತ್ರಕಾರ್ಯ ನಡೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಮನೆಯ ಜಗಲಿಯಲ್ಲಿ. ಮನೆ ಸಂಶೋಧಕನದೇ ಆದ್ದರಿಂದ ಪ್ರಯಾಣಭತ್ಯೆ ಕೇಳಿಲ್ಲ. ಮಾದರಿಯ ಗಾತ್ರ 1: ದಸರಾ ರಜೆಗೆ ಬೆಂಗಳೂರಿನಿಂದ ಬಂದಿಳಿದ, ಎರಡು ವರ್ಷ ನಾಲ್ಕು ತಿಂಗಳ ಮೊಮ್ಮಗಳು. ಮಾದರಿ ಸಣ್ಣದಾಯಿತೆಂದು ಆಕ್ಷೇಪಿಸುವ ವಿದ್ವಾಂಸರು ಒಂದು ಹೊತ್ತು ಬಂದು ಅವಳಿಗೆ ಉಣ್ಣಿಸಿ, ಆಮೇಲೆ ಎರಡನೆಯ ಮಗುವಿನ ಮಾತೆತ್ತಲಿ. ವಕ್ತೃಗಳು ಮೂವರು: ಸೊಸೆ (ಬಿಡುವಿದ್ದಾಗ), ಮಗ (ಕಿವಿಯಿಂದ ಇಯರ್‌ಫೋನ್ ತೆಗೆದಾಗ), ಧರ್ಮಪತ್ನಿ (ಕೇಳದಿದ್ದಾಗಲೂ).

ಮೊದಲು ಪರಿಭಾಷೆ. ತುತ್ತು ಒಳಹೋಗುವಷ್ಟು ಬಾಯಿ ಅಗಲವಾಗುವ ಕ್ಷಣವನ್ನು 'ಆ-ಕಾರಾವಸ್ಥೆ' ಎಂದು ಕರೆಯೋಣ. ಆ ಅವಸ್ಥೆಯನ್ನು ತರುವ ಹೊಳೆಯುವ ವಸ್ತುವೇ ಉದ್ದೀಪನ ವಿಭಾವ. ಅಲಂಕಾರಶಾಸ್ತ್ರದಲ್ಲಿ ಚಂದ್ರ ಶೃಂಗಾರಕ್ಕೆ ಉದ್ದೀಪನ. ಅವನು ಮೊಸರನ್ನಕ್ಕೂ ಉದ್ದೀಪನ ಎಂಬುದು ಭರತಮುನಿಯ ಕಣ್ಣಿಗೆ ಬೀಳಲಿಲ್ಲ. ಮಕ್ಕಳಿಗೆ ಉಣ್ಣಿಸುವವರಿಗೆ ನಾಟ್ಯಶಾಸ್ತ್ರ ಬರೆಯುವಷ್ಟು ಪುರಸೊತ್ತು ಎಲ್ಲಿಂದ ಬರಬೇಕು?

ಚಂದ್ರನ ತಾಂತ್ರಿಕ ವಿವರಗಳು ಹೀಗಿವೆ. ದೂರ ಸರಾಸರಿ 3,84,400 ಕಿಲೋಮೀಟರ್. ಚಾರ್ಜು ಬೇಡ, ರೀಚಾರ್ಜೂ ಬೇಡ. ವಾಹಿನಿ ಒಂದೇ, ಕಾರ್ಯಕ್ರಮವೂ ಒಂದೇ, ನಡುವೆ ಜಾಹೀರಾತಿಲ್ಲ. ಮುಖ್ಯ ಗುಣವೆಂದರೆ ಸಮಯಪಾಲನೆ. ಶುಕ್ಲಪಕ್ಷದಲ್ಲಿ ಊಟದ ಹೊತ್ತಿಗೆ ತಾನೇ ಹಾಜರಾಗುತ್ತಾನೆ. ಹುಣ್ಣಿಮೆ ಕಳೆದರೆ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಏಳತೊಡಗಿ, ಕೆಲವೇ ದಿನಗಳಲ್ಲಿ ಮಗು ಮಲಗಿದ ಮೇಲೆ ಬರುವವನಾಗುತ್ತಾನೆ. ಅಮಾವಾಸ್ಯೆಗೆ ಪೂರ್ತಿ ರಜೆ. ಮೊಬೈಲು, ಟೀವಿಗಳ ತೆರೆ ನೋಡುವ ಹೊತ್ತಿಗೆ ಇಷ್ಟೇ ಎಂಬ ಮಿತಿ ಅವನ ಹೆಸರಿನಲ್ಲೇ ಇದೆ. ಕನ್ನಡದಲ್ಲಿ 'ತಿಂಗಳು' ಎಂದರೆ ಚಂದ್ರನೂ ಹೌದು, ಅವಧಿಯೂ ಹೌದು. ವಿಶ್ವ ಆರೋಗ್ಯ ಸಂಸ್ಥೆ ಇದೇ ಸಂಗತಿಯನ್ನು ಕಂಡುಕೊಂಡು, ಎರಡು ವರ್ಷ ತುಂಬುವ ತನಕ ತೆರೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ಹೇಳಿದ್ದು 2019ರಲ್ಲಿ. ಸೊಸೆಗೆ ಇದನ್ನು ಓದಿ ಹೇಳಿದೆ. "ಆ ಸಂಸ್ಥೆಯವರು ಯಾರಾದರೂ ಬಂದು ಉಣ್ಣಿಸ್ತಾರಾ ಮಾವ?" ಎಂದಳು. ಉತ್ತರಕ್ಕಾಗಿ ಆಕರಗಳನ್ನು ಹುಡುಕಲಾಗುತ್ತಿದೆ.

ಇನ್ನು ಪ್ರಬಂಧದ ಹೃದಯಭಾಗ. ಅಂಗಳದಲ್ಲಿ ಚಂದ್ರನನ್ನು ತೋರಿಸುವಾಗ ನೋಡುವವರು ಇಬ್ಬರು. ಅಜ್ಜಿ ಬೆರಳು ಮಾಡುತ್ತಾಳೆ, ಮಗು ಬೆರಳನ್ನು ನೋಡುತ್ತದೆ, ಆಮೇಲೆ ಅಜ್ಜಿಯ ಮುಖ, ಆಮೇಲೆ ಅಡಕೆಮರದ ತುದಿ, ಕೊನೆಗೆ ಚಂದ್ರ. ಅಲ್ಲಿ ಮೊಲ ಇದೆ ಎನ್ನುತ್ತಾಳೆ ಅಜ್ಜಿ. ಮಗು ಎಲ್ಲಿ ಎನ್ನಲು ಬಾಯಿ ತೆರೆಯುತ್ತದೆ. ತುತ್ತು ಒಳಗೆ. ಚಂದ್ರ ತುಟಿ ಬಿಚ್ಚುವುದಿಲ್ಲವಾದ್ದರಿಂದ ಮಾತೆಲ್ಲ ಅಜ್ಜಿಯೇ ಆಡಬೇಕು. ಮೊಬೈಲಿನಲ್ಲಿ ಮಾತನಾಡುವುದು ಅದೇ, ನೋಡುವುದು ಮಗು ಒಂದೇ, ಉಣ್ಣಿಸುವವರು ತಮ್ಮ ಇನ್ನೊಂದು ಮೊಬೈಲು ನೋಡಬಹುದು. ಇಲ್ಲಿಂದ ಹೊರಡುವುದು ನನ್ನ ಹೆಸರಿನಲ್ಲಿ ಉಳಿಯಬೇಕೆಂದು ನಾನು ಆಸೆಪಟ್ಟಿರುವ ವಿಲೋಮ ನಿಯಮ: ಬೆಳಕು ಮಗುವಿಗೆ ಹತ್ತಿರವಾದಷ್ಟೂ ಮನುಷ್ಯರು ದೂರವಾಗುತ್ತಾರೆ.

ಇದಕ್ಕೆ ಸಿಯಾಟಲ್‌ನಿಂದ ಬೆಂಬಲ ದೊರೆತಿದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಶಿಯಾ ಕುಹ್ಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳ ಎದುರು ಚೀನೀ ಮಾತಿನವರು 12 ಸಲ ಕುಳಿತು ಪುಸ್ತಕ ಓದಿದರು, ಆಟಿಕೆ ಆಡಿಸಿದರು. ಕೂಸುಗಳಿಗೆ ಆ ಭಾಷೆಯ ಧ್ವನಿಭೇದ ಹಿಡಿಯಲು ಬಂತು. ಅದೇ ಜನ, ಅದೇ ಪುಸ್ತಕ, ಅದೇ ಆಟಿಕೆಗಳನ್ನು ಟೀವಿಯಲ್ಲಿ ತೋರಿಸಿದಾಗ ಏನೂ ಬರಲಿಲ್ಲ. ನನ್ನ ಮಾದರಿಯ ಸ್ಥಿತಿಯೂ ಇದಕ್ಕೆ ಹೊರತಲ್ಲ. ಮೊಬೈಲಿನಲ್ಲಿ ಹಾಡು ಕೇಳಿ ಕೇಳಿ ಶಾರ್ಕಿನ ಇಡೀ ಸಂಸಾರವನ್ನು ಬಲ್ಲ ಅವಳು ಕೊಟ್ಟಿಗೆಯ ಎಮ್ಮೆಯನ್ನು ಕಂಡು "ಡೈನೋಸಾರ್" ಎಂದು ಕೂಗಿ ಸೊಸೆಯ ಸೆರಗು ಹಿಡಿದಳು. ಎಮ್ಮೆ ತಪ್ಪು ತಿಳಿಯಲಿಲ್ಲ.

ಆದರೆ ಆಕಾಶದಿಂದ ಅಂಗೈಗೆ ಬೆಳಕು ಒಂದೇ ನೆಗೆತಕ್ಕೆ ಬಂದದ್ದಲ್ಲ. ನಡುವೆ ಕೃತಕ ಚಂದ್ರರ ಯುಗವೊಂದಿದೆ. ಚಂದ್ರನೂ ಉಪಗ್ರಹ, ಇಸ್ರೋ ಬಿಡುವುದೂ ಉಪಗ್ರಹ. ಭಾಷೆಗೆ ಗೊತ್ತಿದ್ದ ಈ ನಂಟು ಶಿಕ್ಷಣ ತಜ್ಞರಿಗೆ ಹೊಳೆಯದೆ ಹೋದದ್ದು ವಿಷಾದಕರ. ನಾಸಾದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು, 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ಮುಟ್ಟಿಸಲಾಯಿತು. ನಮ್ಮ ರಾಜ್ಯದಲ್ಲಿ ಆ ಭಾಗ್ಯ ಬಿಜಾಪುರ, ಗುಲ್ಬರ್ಗ, ರಾಯಚೂರು ಸೀಮೆಯ ಹಳ್ಳಿಗಳದು. ಕೋಳಿಗೂಡಿಗೆ ಹೊಡೆಯುವಂಥ ತಂತಿಬಲೆಯ ಹತ್ತಡಿ ಅಗಲದ ಛತ್ರಿ, ಅದರ ಕೆಳಗೆ ಊರಿಗೊಂದು ಪೆಟ್ಟಿಗೆ. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ. ಬೆಳಕಿನ ದೂರ ಸುಮಾರು 36,000 ಕಿಲೋಮೀಟರಿಗೆ ಇಳಿದಿತ್ತು, ಆದರೂ ಊರೆಲ್ಲ ಒಟ್ಟಿಗೇ ಕೂತು ನೋಡಬೇಕಿತ್ತು. ವರ್ಷ ತುಂಬಿದ ಮೇಲೆ ಎರವಲು ಕೊಟ್ಟವರು ತಮ್ಮ ಚಂದ್ರನನ್ನು ಸರಿಸಿಕೊಂಡರು. ಗ್ರಹಣ ಎನ್ನುವುದು ಇದಕ್ಕೇ. ಮುಂದೆ 2004ರ ಸೆಪ್ಟೆಂಬರ್ 20ರಂದು ಪಾಠಕ್ಕೆಂದೇ ಎಜುಸ್ಯಾಟ್ ಎಂಬ ಸ್ವಂತ ಚಂದ್ರ ಏರಿತು, ಅದರ ಬೆಳಕು ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳ ಮೇಲೂ ಬಿತ್ತು. ಅಷ್ಟರಲ್ಲಿ ಎಲ್ಲರ ಕಣ್ಣು ಅಂಗೈ ಕಡೆ ತಿರುಗುತ್ತಿತ್ತು. ಈಗಿನ ದೂರ ಒಂದು ಗೇಣು.

ನಿಯಮಕ್ಕೆ ತದ್ವಿರುದ್ಧ ದಿಕ್ಕಿನಿಂದಲೂ ಪುರಾವೆ ಬೇಕಲ್ಲ? ಅದನ್ನು 2020ರ ಮಳೆಗಾಲ ಒದಗಿಸಿತು. ಶಾಲೆಗಳು ಮುಚ್ಚಿ, ಮಗನ ಸಂಸಾರ ಊರಿಗೆ ಬಂದು, ನಾಲ್ಕನೇ ಕ್ಲಾಸಿನ ದೊಡ್ಡ ಮೊಮ್ಮಗನಿಗೆ ಆನ್‌ಲೈನ್ ಪಾಠ ಶುರುವಾದಾಗ ತಿಳಿದದ್ದು, ನಮ್ಮ ಮನೆಗೆ ಟವರ್ ಸಿಗುವುದಿಲ್ಲ ಎಂದು. ಟವರ್ ಸಿಗುವುದು ಹಿಂದಿನ ಗುಡ್ಡದ ನೆತ್ತಿಯಲ್ಲಿ, ಅದೂ ಒಂದು ಬಂಡೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ನಿಂತರೆ. ಬೆಳಕು ಒಂದೇಟಿಗೆ ದೂರ ಹೋಯಿತು, ಮನುಷ್ಯರು ಹತ್ತಿರ ಬಂದರು. ಛತ್ರಿ ಹಿಡಿಯಲು ಅವನ ಅಮ್ಮ, ಇಂಬಳ ಕೀಳಲು ಅಜ್ಜಿ, ಆಚೆಮನೆಯ ಇಬ್ಬರು ಹುಡುಗರು, ಕಾವಲಿಗೆ ನಾಯಿ, ದಾಖಲಿಸಲು ನಾನು. ಭಿನ್ನರಾಶಿ ಅರ್ಥವಾಗದಿದ್ದಾಗ ಅಜ್ಜಿ ಕಡುಬನ್ನು ಕತ್ತರಿಸಿ ತೋರಿಸಿದಳು, ಅತ್ತ ಮೇಡಂ ಧ್ವನಿ ತುಂಡುತುಂಡಾಗಿ ಬರುತ್ತಿತ್ತು. ಅವನಿಗೆ ಭಿನ್ನರಾಶಿ ಇವತ್ತಿಗೂ ಚೆನ್ನಾಗಿ ಬರುತ್ತದೆ. ಆಗಸ್ಟಿನಲ್ಲಿ ಸರ್ಕಾರದ 'ವಿದ್ಯಾಗಮ' ಬಂದು ಮೇಷ್ಟರುಗಳೇ ಊರೂರಿನ ಕಟ್ಟೆ, ಜಗಲಿಗಳಿಗೆ ಇಳಿದರು. ಟವರ್ ಇಲ್ಲದ ಕಡೆಯೂ ಅವರು ಸಿಗುತ್ತಿದ್ದರು. ಅಕ್ಟೋಬರಿನಲ್ಲಿ ಸೋಂಕಿನ ಭಯದಿಂದ ಅದೂ ನಿಂತಿತು.

ದೊಡ್ಡ ಮಕ್ಕಳ ಬಗ್ಗೆ ಒಂದೇ ಮಾತು. ಗ್ರಾಮೀಣ ಭಾರತದ 14ರಿಂದ 16ರ ವಯಸ್ಸಿನ, ಸ್ಮಾರ್ಟ್‌ಫೋನ್ ಬಳಸಲು ಬಲ್ಲವರನ್ನು 2024ರ ಅಸರ್ ಶಿಕ್ಷಣ ಸಮೀಕ್ಷೆ ಕೇಳಿದಾಗ, ಹಿಂದಿನ ವಾರ ಓದಿಗಾಗಿ ಸ್ಮಾರ್ಟ್‌ಫೋನ್ ಹಿಡಿದವರು ಶೇ. 57, ಸಾಮಾಜಿಕ ಜಾಲತಾಣಕ್ಕಾಗಿ ಹಿಡಿದವರು ಶೇ. 76. ಅನ್ನಕ್ಕೆಂದು ತೋರಿಸಿದ ಚಂದ್ರನೇ ಊಟವಾಗಿಬಿಟ್ಟರೆ ಹೀಗಾಗುತ್ತದೆ.

ಅಂತಿಮ ಪ್ರಯೋಗ ಶರದ ಹುಣ್ಣಿಮೆಯ ರಾತ್ರಿ ನಡೆಯಿತು. ಕರೆಂಟು ಹೋಗಿತ್ತು, ಮೊಬೈಲು ಸತ್ತಿತ್ತು. ಮಾದರಿಯನ್ನು ಅಂಗಳಕ್ಕೆ ತಂದು ಪೂರ್ಣಚಂದ್ರನನ್ನು ತೋರಿಸಲಾಯಿತು. ಅವಳು ಗಂಭೀರವಾಗಿ ನೋಡಿ, ತೋರುಬೆರಳೆತ್ತಿ ಆಕಾಶವನ್ನು ಎಡಕ್ಕೆ ಸರಿಸಿದಳು. ಚಂದ್ರ ಕದಲಲಿಲ್ಲ. ಎರಡು ಬೆರಳು ಅಗಲಿಸಿ ದೊಡ್ಡದು ಮಾಡಲು ನೋಡಿದಳು. ಅದೂ ಆಗಲಿಲ್ಲ. ಅಷ್ಟರಲ್ಲಿ ಮೋಡವೊಂದು ಅಡ್ಡಬಂತು. ಅವಳು ನಿಟ್ಟುಸಿರಿಟ್ಟು ನನಗೆ ಸಮಾಧಾನ ಹೇಳಿದಳು: "ಲೋಡ್ ಆಗ್ತಿದೆ ಅಜ್ಜ." ಮೋಡ ಸರಿಯುವ ತನಕ ನಾವಿಬ್ಬರೂ ಕಾದೆವು. ಕಾಯುವಾಗ ಬಾಯಿ ತಂತಾನೇ ತೆರೆದಿತ್ತು. ಏಳು ತುತ್ತು ಹೋದವು.

ಒಂದು ಕಗ್ಗಂಟು ಮಾತ್ರ ಬಿಡಿಸಲು ಉಳಿದಿದೆ. ಜೂನಿನಿಂದ ಸೆಪ್ಟೆಂಬರ್ ತನಕ ಮಲೆನಾಡಿನಲ್ಲಿ ಚಂದ್ರನೇ ಕಾಣುವುದಿಲ್ಲ. ಹಾಗಾದರೆ ನಮ್ಮ ತಲೆಮಾರೆಲ್ಲ ಮಳೆಗಾಲದಲ್ಲಿ ಉಂಡದ್ದು ಹೇಗೆ? ಧರ್ಮಪತ್ನಿಯನ್ನು ಕೇಳಿದೆ. "ಎಂಥ ಹೇಗೆ? ಕತ್ತಲೆ ಕಡೆ ಕೈ ತೋರಿಸಿ ಗುಮ್ಮ ಬಂದ ಅಂದ್ರೆ ಆಯ್ತು, ನೀವೂ ಹಾಗೇ ಉಂಡಿದ್ದು" ಎಂದಳು. ಇದರಿಂದ ನನ್ನ ಸಿದ್ಧಾಂತದ ಅರ್ಧ ಭಾಗ ಬಿದ್ದುಹೋಗುವ ಅಪಾಯವಿದೆ. ಆದ್ದರಿಂದ ತಮ್ಮ ಮನೆಗಳಲ್ಲಿ ಮಳೆಗಾಲದ ರಾತ್ರಿ ಏನು ತೋರಿಸಿ ಉಣ್ಣಿಸುತ್ತಿದ್ದರೆಂದು ಬಲ್ಲ ಓದುಗರು ದಯಮಾಡಿ ಬರೆದು ತಿಳಿಸಬೇಕು. ಕಾಗದದಲ್ಲಿ ಬರೆದು ಅಂಚೆಗೆ ಹಾಕಿದರೆ ಉಪಕಾರ. ನನ್ನ ಮೊಬೈಲು ಊಟದ ಹೊತ್ತಿನಲ್ಲಿ ನನ್ನ ಕೈಗೆ ಸಿಗುವುದಿಲ್ಲ.