ಚೆಂಡಾಟದ ಸೀಮಾನಿರ್ಣಯ: ಒಂದು ಮಹಾಪ್ರಬಂಧದ ಸಾರ

ಪ್ರತಿಜ್ಞೆ

ಫುಟ್‌ಬಾಲ್ ಅಂಕಣವನ್ನು 1863ರಲ್ಲಿ ಲಂಡನ್ನಿನ ಫುಟ್‌ಬಾಲ್ ಅಸೋಸಿಯೇಷನ್ ಕಂಡುಹಿಡಿಯಿತೆಂದು ಅಲ್ಪಜ್ಞರು ನಂಬಿದ್ದಾರೆ. ಆ ವರ್ಷದ ನಿಯಮದಲ್ಲಿ ಇದ್ದದ್ದಾದರೂ ಏನು? ಹೆಚ್ಚೆಂದರೆ 200 ಗಜ ಉದ್ದ, 100 ಗಜ ಅಗಲ, ಗಡಿಗೆ ಬಾವುಟ, 8 ಗಜ ಅಂತರದಲ್ಲಿ ಎರಡು ಕಂಬ, ಅದರ ಮೇಲೆ ಅಡ್ಡಪಟ್ಟಿಯೂ ಇಲ್ಲ. ಮಿಕ್ಕಿದ್ದೆಲ್ಲ ನಮ್ಮ ಸೀಮೆಯ ಸೇಡಂ, ಶಹಾಬಾದ್, ಚಿಂಚೋಳಿಗಳ ನಡುವೆ ಮೊದಲೇ ಸಿದ್ಧವಾಗಿತ್ತೆಂದು ಈ ಪ್ರಬಂಧ ಸಾಧಿಸುತ್ತದೆ.

ಮೊದಲ ಪ್ರಮಾಣ: ಧರ್ಮಶಾಸ್ತ್ರ

ಮರ್ತೂರಿನವನೆಂದು ನಮ್ಮ ಸೀಮೆ ಹೆಮ್ಮೆಪಡುವ ವಿಜ್ಞಾನೇಶ್ವರ, ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಟೀಕೆ ಬರೆದ. ಅದರಲ್ಲಿ ಸೀಮಾವಿವಾದಕ್ಕೆಂದೇ ಒಂದು ಪ್ರಕರಣವಿದೆ. ಗಡಿಗೆ ಇದ್ದಿಲು, ಹೊಟ್ಟು, ಮರ, ಹುತ್ತ, ಎಲುಬು ಗುರುತಾಗಬೇಕು. ತಕರಾರು ಬಂದರೆ ನೆರೆಯ ನಾಲ್ವರೋ ಎಂಟು ಮಂದಿಯೋ ಹತ್ತು ಮಂದಿಯೋ ಕೆಂಪು ಬಟ್ಟೆ, ಕೆಂಪು ಮಾಲೆ ತೊಟ್ಟು, ತಲೆಯ ಮೇಲೆ ಮಣ್ಣು ಹೊತ್ತು ಗಡಿ ನಡೆದು ತೋರಿಸಬೇಕು. ಇಂದಿನ ಪಂದ್ಯಕ್ಕೆ ಒಬ್ಬ ರೆಫ್ರಿ, ಗೆರೆ ಕಾಯುವ ಇಬ್ಬರು, ನಾಲ್ಕನೆಯ ಅಧಿಕಾರಿ ಒಬ್ಬ. ಲೆಕ್ಕ ಕೂಡಿಬಂತು. ಬಣ್ಣದ ಬಟ್ಟೆಯೂ ಉಂಟು. ತಲೆಯ ಮೇಲಿನ ಮಣ್ಣನ್ನು ಸೋತ ಪಕ್ಷದ ಪ್ರೇಕ್ಷಕರು ಒದಗಿಸುತ್ತಾರೆ. ಸಾಕ್ಷಿಯೂ ಗುರುತೂ ಇಲ್ಲದಾಗ ಅರಸನೇ ಗಡಿ ನಿಶ್ಚಯಿಸಬೇಕೆಂಬ ವಿಧಿ ಈಗ ಪರದೆ ನೋಡುವ ವಿಎಆರ್ ಕೋಣೆಯ ಪಾಲಾಗಿದೆ.

ಎರಡನೆಯ ಪ್ರಮಾಣ: ಗಣಿತ

ಮಳಖೇಡದಿಂದ ಆಳಿದ ಅಮೋಘವರ್ಷನನ್ನು ಹೊಗಳಿಯೇ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ವನ್ನು ಆರಂಭಿಸುತ್ತಾನೆ. ಬಿಲ್ಲಿನಾಕಾರದ ಕ್ಷೇತ್ರಕ್ಕೆ ಅವನಲ್ಲಿ ಎರಡು ಸೂತ್ರಗಳಿವೆ, ಒಂದು ಸ್ಥೂಲ, ಇನ್ನೊಂದು ಸೂಕ್ಷ್ಮ. ಪೆನಾಲ್ಟಿ ಚೌಕದ ನೆತ್ತಿಯ ಮೇಲಿನ ಕಮಾನು ಬಿಲ್ಲಲ್ಲದೆ ಮತ್ತೇನು? ಪೆನಾಲ್ಟಿ ಬಿಂದು ಗೋಲಿನಿಂದ 11 ಮೀಟರ್, ಚೌಕದ ಗೆರೆ 16.5, ಕಮಾನಿನ ತ್ರಿಜ್ಯ 9.15. ಹಾಗಾಗಿ ಬಿಲ್ಲಿನ ಹೆದೆ 14.6 ಮೀಟರ್, ಬಾಣ, ಅಂದರೆ ಬಿಲ್ಲಿನ ಎತ್ತರ, 3.65. ಸ್ಥೂಲಸೂತ್ರದಿಂದ ಬರುವ ವಿಸ್ತೀರ್ಣ ಸುಮಾರು 33 ಚದರ ಮೀಟರ್, ಸೂಕ್ಷ್ಮಸೂತ್ರದಿಂದ 42. ಇಂದಿನ ಗಣಿತದ ಪ್ರಕಾರ 37. ಸತ್ಯವು ಸ್ಥೂಲಕ್ಕೂ ಸೂಕ್ಷ್ಮಕ್ಕೂ ನಡುವೆ ಸಿಕ್ಕಿಬಿದ್ದಿರುವುದು ಸಂಶೋಧನೆಯ ಲಕ್ಷಣವಾದ್ದರಿಂದ ವಾದಕ್ಕೆ ಬಲವೇ ಬಂತು. ಇಂಗ್ಲಿಷರಿಗೆ ಈ ಬಿಲ್ಲು ಹೊಳೆದದ್ದು 1937ರಲ್ಲಿ.

ಮೂರನೆಯ ಪ್ರಮಾಣ: ಭೂಗರ್ಭ

ಗೆರೆಗೆ ಬೇಕಾದದ್ದು ಸುಣ್ಣ. ಶಹಾಬಾದಿನ ಪರಸಿ ಕಲ್ಲು, ವಾಡಿ, ಸೇಡಂಗಳ ಸಿಮೆಂಟು ಎಲ್ಲವೂ ಸುಣ್ಣದ ಕಲ್ಲೇ. ನಮ್ಮ ಕಾಲ ಕೆಳಗೆ ಎಳೆಯದೆ ಬಿಟ್ಟ ಗೆರೆಗಳೇ ಹಾಸಿಕೊಂಡಿವೆ.

ಆಕ್ಷೇಪ

'ಚಂದ್ರಂಪಳ್ಳಿ ಜಲಾಶಯದ ದಂಡೆಯಲ್ಲಿ ಆಡುವವನಿಗೆ ನೀರೇ ಪಕ್ಕದ ಗೆರೆ. ಬೇಸಿಗೆಯಲ್ಲಿ ಅದು ಹಿಂದೆ ಸರಿಯುತ್ತದೆ, ಮಳೆಗಾಲದಲ್ಲಿ ಮುಂದೆ ಬರುತ್ತದೆ. ಅಳತೆ ಎಲ್ಲಿ ಉಳಿಯಿತು?' ಎಂದರೆ, ಉತ್ತರ ಹೀಗೆ: ಅಂತರರಾಷ್ಟ್ರೀಯ ನಿಯಮವೂ ಸಾಮಾನ್ಯ ಪಂದ್ಯಕ್ಕೆ ಉದ್ದವನ್ನು 90ರಿಂದ 120 ಮೀಟರಿನವರೆಗೆ, ಅಗಲವನ್ನು 45ರಿಂದ 90ರವರೆಗೆ ಸಡಿಲ ಬಿಟ್ಟಿದೆ. ಅಗಲಕ್ಕಿಂತ ಉದ್ದ ಹೆಚ್ಚಿರಬೇಕೆಂಬುದೊಂದೇ ಹಟ. ಇಷ್ಟು ಏರಿಳಿತ ಜಲಾಶಯದ ಸ್ವಭಾವವೇ ಹೊರತು ಲಂಡನ್ನಿನದಲ್ಲ. ಮೇಲಾಗಿ ನೀರಿಗೆ ಬಿದ್ದ ಚೆಂಡು ಹೊರಗೋ ಒಳಗೋ ಎಂದು ಇದುವರೆಗೆ ಯಾರೂ ಜಗಳವಾಡಿಲ್ಲ.

ಸಿದ್ಧಾಂತ

ಗೆರೆಯ ಅಗಲ 12 ಸೆಂಟಿಮೀಟರ್ ಮೀರಬಾರದು. ಗೆರೆ ತಾನು ಸುತ್ತುವರಿದ ಜಾಗಕ್ಕೇ ಸೇರಿದ್ದು; ಚೆಂಡು ಪೂರ್ತಿ ದಾಟುವವರೆಗೆ ಆಟದ ಒಳಗೇ. ಅಷ್ಟೇ ಅಗಲದ ಬದುವಿಗಾಗಿ ಅಣ್ಣತಮ್ಮಂದಿರು ತಲೆಮಾರುಗಟ್ಟಲೆ ಕೋರ್ಟಿಗೆ ಅಲೆಯುವ ನಾಡಿಗೆ ಈ ಒಂದು ವಾಕ್ಯ ಮಾತ್ರ ಹೊರಗಿನಿಂದ ಬಂದದ್ದೆಂದು ಪ್ರಬಂಧಕಾರ ಒಪ್ಪುತ್ತಾನೆ.

ಉಳಿದದ್ದೆಲ್ಲ ನಮ್ಮದೇ. ಆದರೂ ಗಡಿಯ ಶಾಸ್ತ್ರ ಬರೆದ, ಸುಣ್ಣದ ಕಲ್ಲಿನ ಮೇಲೆ ಕುಳಿತ ಈ ಸೀಮೆಯಲ್ಲಿ ಹುಡುಗರು ತೊಗರಿ ರಾಶಿ ಮುಗಿದ ಬಯಲಲ್ಲಿ ನಾಲ್ಕು ಚಪ್ಪಲಿ ಇಟ್ಟು ಎರಡು ಗೋಲು ಕಟ್ಟುತ್ತಾರೆ, 7.32 ಮೀಟರಿನ ಬದಲು ಚೆಂಡಿನ ಒಡೆಯನ ಹೆಜ್ಜೆಯೇ ಅಳತೆ. ಆದಕಾರಣ ಈ ಪ್ರಬಂಧವನ್ನು ಒಪ್ಪುವವರು ತಮ್ಮೂರ ಶಾಲೆಯ ಬಯಲಿಗೆ ಒಂದು ಚೀಲ ಬಿಳಿ ಪುಡಿ ಕಳಿಸಲಿ. ಒಪ್ಪದವರು ಎರಡು ಚೀಲ ಕಳಿಸಿ ಖಂಡಿಸಲಿ.