ಇಳಿಮಾಡು

ಮಲೆನಾಡಿನಲ್ಲಿ ಗೃಹಪ್ರವೇಶವಾದ ಮನೆಗಳುಂಟು, ಕಟ್ಟಿ ಮುಗಿದ ಮನೆಯೆಂಬುದಿಲ್ಲ. ಹೋಮದ ಹೊಗೆ ಆರುವ ಮುನ್ನವೇ ಗೃಹಿಣಿಯು ಹಿತ್ತಿಲಗೋಡೆಯತ್ತ ಕೈದೋರಿ, “ಇಲ್ಲೊಂದು ಮಾಡು ಇಳಿಸಿಬಿಟ್ಟರೆ ಸೌದೆಗಾದರೂ ಆದೀತು” ಎಂದು ವಿಜ್ಞಾಪಿಸುವಳು; ಈ ವಿನೀತವಾದ ವಿಜ್ಞಾಪನೆಯನ್ನು ನಿರಾಕರಿಸಿ ಸುಖವಾಗಿ ಉಂಡ ಗೃಹಸ್ಥನನ್ನು ನಾನಂತೂ ಕಂಡಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವುದಷ್ಟೆ. ಅದರ ನೆರೆಹೊರೆಯವರಾದ ನಮ್ಮ ಪಾಲಿಗೆ ಬರುವ ಅಂಶವು, ಬಯಲಲ್ಲಿಟ್ಟ ಸೌದೆಯ ಮೇಲೆ ಆಷಾಢದಲ್ಲಿ ಅಣಬೆ ಬೆಳೆಯಿಸಲು ಧಾರಾಳವಾಗಿ ಸಾಕು.

ಆಚಾರಿಯು ಬಂದು, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲನ್ನು ತೆಗೆದು, ಗೋಡೆಯ ಮೇಲೊಂದು ಓರೆಗೆರೆ ಎಳೆದನು. ಧರ್ಮಸಂಕಟಕ್ಕೆ ಅದೇ ನಾಂದಿ. ನಮ್ಮ ಕಡೆಯ ಗಾಳಿಮಳೆಯಲ್ಲಿ ಹಂಚಿನ ಮಾಡು ಅಡಿಗೆ 6 ಅಂಗುಲವಾದರೂ ಇಳಿಯದಿದ್ದರೆ, ನೀರು ಸಂದಿಯಲ್ಲಿ ಹಿಮ್ಮುಖವಾಗಿ ಏರಿ ಒಳಕ್ಕೇ ಸುರಿಯುವುದು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಬಾಸೆಲ್ ಮಿಷನ್ನಿನವರು ಹಂಚಿಗೆ ಹಂಚು ಕಚ್ಚಿ ಕೂರುವ ವಿದ್ಯೆಯನ್ನು ನಮಗೆ ಕೊಟ್ಟರೇ ಹೊರತು, ಇಳಿಜಾರಿನ ಋಣದಿಂದ ನಮ್ಮನ್ನು ಬಿಡಿಸಲಿಲ್ಲ. ನಮ್ಮ ಹಿಂಭಾಗದ ಸೂರಿನ ಎತ್ತರ 8 ಅಡಿ, ಮನೆಯವರು ಬಯಸಿದ ಅಗಲವೂ 8 ಅಡಿ. ಆದಕಾರಣ ಹೊರತುದಿಯಲ್ಲಿ ಉಳಿಯುವುದು 4 ಅಡಿಯೆಂಬುದು ಗಣಿತದಲ್ಲಿ ನಿಷ್ಣಾತನಲ್ಲದವನಿಗೂ ವೇದ್ಯವಾಗುವುದು. ತುದಿಯನ್ನು ಎತ್ತಿದರೆ ಸೋರುವುದು, ಅಗಲವನ್ನು ಕುಗ್ಗಿಸಿದರೆ ಸೌದೆ ನೆನೆಯುವುದು, ನೆಲವನ್ನು ತಗ್ಗಿಸಿದರೆ ಒಳಗೆ ಕೆರೆ ನಿಲ್ಲುವುದು. ಉಳಿದ ಉಪಾಯವೆಂದರೆ ಮನುಷ್ಯನೇ ಬಗ್ಗುವುದು, ಆಚಾರಿಯು ನಿಸ್ಸಂಕೋಚವಾಗಿ ಸೂಚಿಸಿದ್ದೂ ಅದನ್ನೇ.

ಕೆಲಸವೇನೋ ಬೇಗ ಮುಗಿಯಿತು. ಅಡಕೆಮರದ ದಬ್ಬೆಯೇ ರೀಪು, ಕೊಟ್ಟಿಗೆ ಕಳಚಿದಾಗ ಉಳಿದ ಹಳೆಯ ಹಂಚೇ ಹೊದಿಕೆ. ಹೊಸ ಮಾಡಿನ ನೆತ್ತಿಯನ್ನು ಹಳೆಯ ಸೂರಿನಡಿಗೆ ಗೇಣುದ್ದ ತೂರಿಸಿದ್ದರಿಂದ ಗೋಡೆಗೆ ನೀರಿಳಿಯುವ ಭಯವೂ ತಪ್ಪಿತು. ಆ ಗೇಣುದ್ದದ ತೂರಿಕೆಯೇ ಇಡೀ ಕೌಶಲದ ಸಾರವೆಂದು ನನ್ನ ಅಭಿಪ್ರಾಯ. ಅದನ್ನು ಮರೆತ ಮನೆಗಳ ಹಿಂಗೋಡೆಯ ಪಾಚಿಯೇ ಇದಕ್ಕೆ ಸಾಕ್ಷಿ.

ಆದರೆ ಸೂರೆಂಬುದು ಬರಿದಾಗಿರಲು ಒಪ್ಪುವ ವಸ್ತುವಲ್ಲ. ಸೌದೆ ಒಟ್ಟುವುದಕ್ಕೆ ಮೊದಲೇ ಅಡಕೆ ಬೇಯಿಸುವ ಹಂಡೆಯು ಒಂದು ಮೂಲೆಯನ್ನು ಆಕ್ರಮಿಸಿತು. ಅದರ ಹಿಂದೆಯೇ ಕಾಲು ಮುರಿದ ತೊಟ್ಟಿಲು, ಮೂರು ತಲೆಮಾರಿನ ಗೊರಬುಗಳು, ಸರಪಣಿಯಿಲ್ಲದ ಸೈಕಲ್ಲು, ನೆರೆಯವರು “ನಾಲ್ಕು ದಿನದ ಮಟ್ಟಿಗೆ” ಇರಿಸಿಹೋದ ನೇಗಿಲು ಒಂದೊಂದಾಗಿ ಆಗಮಿಸಿದುವು. ಆರಿದ್ರೆ ಮಳೆ ಹಿಡಿಯುವ ಹೊತ್ತಿಗೆ ಕರುವೂ ಬಂದು ಮಲಗಿತು. 4 ಅಡಿಯ ತುದಿಯಲ್ಲಿ ತಲೆಯೆತ್ತಿ ಓಡಾಡಬಲ್ಲ ಏಕೈಕ ಸದಸ್ಯನಾದ್ದರಿಂದ ಅದರ ಹಕ್ಕನ್ನು ಯಾರೂ ಪ್ರಶ್ನಿಸಲಿಲ್ಲ.

ಸೌದೆಯು ಹೊರಗೆ ಸೋಗೆ ಹೊದ್ದು ನೆನೆಯುತ್ತಲೇ ಇದೆ. ಆದುದರಿಂದ ಇಳಿಮಾಡಿಗೊಂದು ಇಳಿಮಾಡು ಬೇಕೆಂಬ ಪ್ರಸ್ತಾಪವು ಈಗ ಪರಿಶೀಲನೆಯಲ್ಲಿದೆ. ನಾನು ವಿರೋಧಿಸಿಲ್ಲ. ಅಡಿಗೆ 6 ಅಂಗುಲದ ನಿಯಮದಂತೆ ಇನ್ನು 8 ಅಡಿ ಮುಂದೆ ಹೋದರೆ ಮಾಡು ನೆಲವನ್ನೇ ಮುಟ್ಟುವುದು. ಆಮೇಲೆ ನನ್ನನ್ನು ಯಾರೂ ಏನನ್ನೂ ಕೇಳಲಾರರು.