ಹೊಸ ಮಂಡಿಯ ದರ್ಬಾರು

ಮಂಡಿ ಬದಲಾಯಿಸಿಕೊಂಡು ಮನೆಗೆ ಬಂದವರನ್ನು ನೋಡಲು ನೆಂಟರು ಬರುತ್ತಾರೆ. ಬರಿಗೈಯಲ್ಲಲ್ಲ, ಸಲಹೆ ಸಮೇತ. ಒಬ್ಬರದು ಕಾಲು ಸೂಪು, ಇನ್ನೊಬ್ಬರದು ಮಹಾನಾರಾಯಣ ತೈಲ. ಒಳಗಿರುವುದು ಕೋಬಾಲ್ಟ್-ಕ್ರೋಮಿಯಂ ಲೋಹ, ನಡುವೆ ಪಾಲಿಎಥಿಲೀನ್ ಬಿಲ್ಲೆ. ತೈಲ ತಿಕ್ಕಿದರೆ ಅದಕ್ಕೇನು ಗೊತ್ತಾಗಬೇಕು ಪಾಪ!

ನಿಜವಾದ ಯಜಮಾನಿಕೆ ಸರ್ಜನ್ನರದಲ್ಲ, ಫಿಸಿಯೊಥೆರಪಿ ಹುಡುಗನದು. ಆಪರೇಷನ್ನಿನ ಮಾರನೇ ದಿನವೇ ವಾಕರ್ ಕೊಟ್ಟು ನಿಲ್ಲಿಸಿಬಿಟ್ಟ. "ಅಂಕಲ್, ಇನ್ನೊಂಚೂರು ಮಡಚಿ" ಎಂದು ನಗುನಗುತ್ತಲೇ 90 ಡಿಗ್ರಿ ದಾಟಿಸುತ್ತಾನೆ. ನಗು ಅವನದು, ಕೂಗು ನನ್ನದು. ಶಾಲೆಯಲ್ಲಿ ಕೋನಮಾಪಕ ಕಂಡರೆ ಓಡುತ್ತಿದ್ದವನು ಈಗ ಮಾತೆತ್ತಿದರೆ ಡಿಗ್ರಿ ಲೆಕ್ಕ ಹೇಳುತ್ತೇನೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಆಪರೇಷನ್ ಆದದ್ದು ಮುಂದೆ. ಇದೊಂದು ಮಂತ್ರ ಬಾಯಿಪಾಠವಾದರೆ ಅರ್ಧ ಗೆದ್ದಂತೆ.

ಲಾಭಗಳೂ ಇವೆ ಅನ್ನಿ. ನೆಲದ ಮೇಲೆ ಕೂರಬಾರದೆಂಬ ಕಟ್ಟಪ್ಪಣೆಯಿಂದ ಸತ್ಯನಾರಾಯಣ ಪೂಜೆಯಲ್ಲೂ ನನಗೆ ಕುರ್ಚಿ, ಅದೂ ಫ್ಯಾನಿನ ಕೆಳಗೆ. ಮೆಟ್ರೋ ಸ್ಟೇಷನ್ನಿನಲ್ಲಿ ಮೆಟಲ್ ಡಿಟೆಕ್ಟರ್ ಕುಂಯ್ ಎಂದರೆ ಗತ್ತಿನಿಂದ ಮಂಡಿ ತೋರಿಸುತ್ತೇನೆ.

ವಾಜಪೇಯಿಯವರು ಪ್ರಧಾನಿಯಾಗಿದ್ದಾಗಲೇ 2000ರಲ್ಲಿ ಒಂದು, 2001ರಲ್ಲಿ ಇನ್ನೊಂದು ಮಂಡಿ ಬದಲಾಯಿಸಿಕೊಂಡಿದ್ದರು ಎಂದು ಮನೆಯಲ್ಲಿ ಜಂಬದಿಂದ ಹೇಳಿದೆ. "ಅವರು ದೇಶ ನಡೆಸಿದ್ರು, ನೀವು ಹಾಲಿನ ಬೂತಿನ ತನಕ ನಡೀರಿ ಸಾಕು" ಎಂದು ಇವಳು ಚೀಲ ಕೈಗಿಟ್ಟಳು. ನಡೆದೆ. ಬೂತಿನವನಿಗೂ ಡಿಗ್ರಿ ಲೆಕ್ಕ ಒಪ್ಪಿಸಿ ಬಂದೆ.

ಅಂದಹಾಗೆ, 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತು. ಆಪರೇಷನ್ನಿಗೆ ಹೊರಟವರು ಬಿಲ್ಲಿನಲ್ಲಿ ಆ ಸಾಲನ್ನು ಕನ್ನಡಕ ಹಾಕಿಕೊಂಡೇ ಓದಿ.